ಯುದ್ಧ ಇಲ್ದಾಗ ಪ್ಯಾರಾಟ್ರೂಪರ್‌ಗಳಿಗೆ ಏನ್ ಕೆಲ್ಸ?

ನಾನು ಪ್ಯಾರಾಚೂಟ್ ರೆಜಿಮೆಂಟಿಂದ ರಿಟೈರ್ ಆದೋನು, ನನ್ನ ಸರ್ವೀಸಲ್ಲಿ ಯುದ್ಧ ಬರ್ಲಿಲ್ಲ, ಹಂಗಂತ ಸುಮ್ನೆ ಕೂತಿದ್ವಿ ಅಂದ್ಕೋಬೇಡಿ. ಜನ ದಿನಾ ವಿಮಾನದಿಂದ ಹಾರೋದೇ ಡ್ಯೂಟಿ ಅಂದ್ಕೋತಾರೆ, ಆದ್ರೆ ಹಾರೋದು ಕಮ್ಮಿ, ಕಾಯೋದೇ ಜಾಸ್ತಿ. ರೆಜಿಮೆಂಟಿನ ಟ್ರೇನಿಂಗ್ ಸೆಂಟರ್ ನಮ್ಮ ಬೆಂಗಳೂರಲ್ಲೇ ಇದೆ, ಜಂಪ್ ಕಲಿಸೋದು ಮಾತ್ರ ಆಗ್ರಾದಲ್ಲಿ, ಅದೂ ಏರ್‌ಫೋರ್ಸ್‌ನೋರು. ಬೇಸಿಕ್ ಕೋರ್ಸಲ್ಲಿ 5 ಜಂಪ್, ಒಂದು ರಾತ್ರಿ ಹೊತ್ತು, ಆಮೇಲೇ ವಿಂಗ್ಸ್ (ಪ್ಯಾರಾಟ್ರೂಪರ್ ಬ್ಯಾಡ್ಜ್) ಸಿಗೋದು.

ಜಂಪ್ ದಿನ ಹೆಂಗಿರುತ್ತೆ ಅಂದ್ರೆ, ಬೆನ್ನಿಗೆ ಮೇನ್ ಪ್ಯಾರಾಚೂಟ್, ಹೊಟ್ಟೆ ಮೇಲೆ ರಿಸರ್ವ್ (ಮೇನ್ ಕೈಕೊಟ್ರೆ ಇರ್ಲಿ ಅಂತ ಇನ್ನೊಂದು), ಕೆಳಗೆ ಸಾಮಾನು ತೂಗ್ತಿರುತ್ತೆ, ಹಂಗೇ ಬೆವರ್ಕೊಂಡು ಗಂಟೆಗಟ್ಲೆ ಕೂತಿರ್ತೀವಿ, ಒಂದಕ್ಕೆ ಬಂದ್ರೂ ಎದ್ದು ಹೋಗೋ ಹಂಗಿಲ್ಲ (ಇದನ್ನ ಯಾರೂ ಹೇಳಲ್ಲ ನೋಡಿ), ಕೊನೆಗೆ ಗಾಳಿ ಜೋರಾಯ್ತು ಅಂತ ಕ್ಯಾನ್ಸಲ್! ಹಾರಿದ್ರೆ ಹಗ್ಗ ಎಳ್ಯೋದೂ ಬೇಡ, ವಿಮಾನದ ಕೇಬಲ್‌ಗೆ ಹುಕ್ ಹಾಕಿರೋ ಪಟ್ಟಿ, ಅಂದ್ರೆ ಸ್ಟ್ಯಾಟಿಕ್ ಲೈನೇ ಪ್ಯಾರಾಚೂಟ್ ಬಿಚ್ಚುತ್ತೆ. ಇಳಿಯುವಾಗ ಎರಡೂ ಕಾಲು ಜೋಡಿಸಿ ಪಕ್ಕಕ್ಕೆ ಉರುಳ್ಬೇಕು, ಇಲ್ಲಾಂದ್ರೆ ಪಾದದ ಗಂಟು ಹೋಯ್ತು.

ಇಷ್ಟೆಲ್ಲಾ ಯಾಕೆ ಅಂದ್ರೆ ಕರೆ ಯಾವಾಗ ಬರುತ್ತೋ ಗೊತ್ತಿರಲ್ಲ. 1988ರ ನವೆಂಬರಲ್ಲಿ ಮಾಲ್ಡೀವ್ಸ್ ಸಹಾಯ ಕೇಳಿದಾಗ ಆಗ್ರಾದಿಂದ ಪ್ಯಾರಾದೋರು ಅದೇ ರಾತ್ರಿ ಅಲ್ಲಿಗೆ ತಲುಪಿದ್ರು, ತಮಾಷೆ ಅಂದ್ರೆ ಅಲ್ಲೂ ಹಾರ್ಲಿಲ್ಲ, ವಿಮಾನ ಅಲ್ಲಿನ ಏರ್‌ಪೋರ್ಟ್ ಇರೋ ಹುಲುಲೆ ದ್ವೀಪದ ರನ್‌ವೇ ಮೇಲೇ ಇಳೀತು.