ಮನೆ ಶಿಫ್ಟ್ ಮಾಡಲು ಎಂಥ ಬಾಕ್ಸ್, ಎಷ್ಟು ಬಾಕ್ಸ್ ಬೇಕು?

ಎರಡು ಬೆಡ್‌ರೂಮಿನ ಮನೆಗೆ ಎಷ್ಟು ಬಾಕ್ಸ್ ಬೇಕು, ಅಂಗಡಿಯಲ್ಲಿ ಸಿಗುವ ಹಳೆಯ ರಟ್ಟಿನ ಬಾಕ್ಸ್ ಆಗುತ್ತದಾ, ಬಬಲ್ ವ್ರ್ಯಾಪ್ ಎಲ್ಲದಕ್ಕೂ ಸುತ್ತಬೇಕಾ ಅಂತ ಕೇಳಿದ್ದೀರಿ. ಎಷ್ಟು ಅನ್ನುವುದಕ್ಕಿಂತ ಮೊದಲು ಅಳತೆಯ ಮಾತು. ದೊಡ್ಡ ಬಾಕ್ಸ್ ತಂದರೆ ಕೆಲಸ ಬೇಗ ಮುಗಿಯುತ್ತದೆ ಅನ್ನುವ ಲೆಕ್ಕ ದಯವಿಟ್ಟು ಬಿಟ್ಟುಬಿಡಿ. ತಳ ಕಿತ್ತು ಸಾಮಾನು ಸುರಿಯುವುದು, ಹೊರುವವರ ಸೊಂಟ ಹಿಡಿಯುವುದು ಹೆಚ್ಚಾಗಿ ದೊಡ್ಡ ಬಾಕ್ಸಿಗೆ ಭಾರದ ಸಾಮಾನು ತುಂಬಿದಾಗಲೇ.

16 × 12 × 12 ಇಂಚಿನ ಚಿಕ್ಕ ಬಾಕ್ಸ್ ಸುಮಾರು 38 ಲೀಟರ್ ಹಿಡಿಯುತ್ತದೆ. ಪುಸ್ತಕ ತುಂಬಿದರೆ ಅದೇ 20 ಕೆಜಿ ಮುಟ್ಟುತ್ತದೆ. 18 × 18 × 24 ಇಂಚಿನ ದೊಡ್ಡ ಬಾಕ್ಸ್ 127 ಲೀಟರಿನದು, ಅಂದರೆ ಮೂರು ಪಟ್ಟಿಗೂ ಹೆಚ್ಚು. ಅದಕ್ಕೆ ಪುಸ್ತಕ ತುಂಬಿದರೆ ಒಬ್ಬ ದೊಡ್ಡ ಮನುಷ್ಯನ ತೂಕವಾಗುತ್ತದೆ. ಎತ್ತುವವರು ಯಾರು? ಎತ್ತಿದರೂ ತಳ ನಿಲ್ಲುವುದಿಲ್ಲ. ಒಂದು ಬಾಕ್ಸ್ 18–20 ಕೆಜಿ ಮೀರಬಾರದು ಅಂತ ಇಟ್ಟುಕೊಂಡರೆ ಉಳಿದದ್ದು ತಾನಾಗಿ ತೀರ್ಮಾನವಾಗುತ್ತದೆ: ಪುಸ್ತಕ, ಫೈಲು, ಡಬ್ಬಿ, ಸಲಕರಣೆ ಚಿಕ್ಕದಕ್ಕೆ, ಪಾತ್ರೆ, ಮಿಕ್ಸರ್, ಆಟದ ಸಾಮಾನು 18 × 18 × 16ರ ಮಧ್ಯಮದ್ದಕ್ಕೆ, ದಿಂಬು, ಹೊದಿಕೆ, ಪರದೆ, ಚಳಿಗಾಲದ ಬಟ್ಟೆ ದೊಡ್ಡದಕ್ಕೆ.

ಎರಡು ಬೆಡ್‌ರೂಮಿನ ಮನೆಗೆ ನಾನು ಹೇಳುವುದು ಚಿಕ್ಕದು 20–25, ಮಧ್ಯಮ 15–20, ದೊಡ್ಡದು 6–8. ಪುಸ್ತಕದ ಕಪಾಟು ಇದ್ದರೆ ಚಿಕ್ಕದನ್ನು ಇನ್ನೂ ಹೆಚ್ಚಿಸಿ. ಇದರ ಮೇಲೆ ಮಡಚಿದ ಬಾಕ್ಸ್ ನಾಲ್ಕೈದು ಕೈಯಲ್ಲಿರಲಿ; ಕೊನೆಯ ದಿನ ಕಪಾಟಿನ ಹಿಂದೆ, ಮಂಚದ ಕೆಳಗೆ ಸಾಮಾನು ಸಿಕ್ಕೇ ಸಿಗುತ್ತದೆ.

ಹಳೆಯ ಬಾಕ್ಸ್ ಖಂಡಿತ ಆಗುತ್ತದೆ, ಆದರೆ ಆರಿಸಿ ತರಬೇಕು. ರಟ್ಟಿನ ಅಂಚನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಎರಡು ಹಾಳೆಯ ನಡುವೆ ಒಂದೇ ಸಾಲು ಅಲೆ ಇದ್ದರೆ ಅದು 3 ಪ್ಲೈ. ಎರಡು ಸಾಲು ಅಲೆ, ಮಧ್ಯೆ ಇನ್ನೊಂದು ಹಾಳೆ ಇದ್ದರೆ 5 ಪ್ಲೈ. ಬಟ್ಟೆಬರೆಗೆ 3 ಪ್ಲೈ ಸಾಕು. ಗಾಜು, ಪಿಂಗಾಣಿ, ಪುಸ್ತಕ ಮತ್ತು ಗಾಡಿಯಲ್ಲಿ ಎಲ್ಲಕ್ಕಿಂತ ಕೆಳಗೆ ಕೂರುವ ಬಾಕ್ಸ್ 5 ಪ್ಲೈ ಇರಲಿ. ಆಮೇಲೆ ನಾಲ್ಕೂ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ. ಮೇಲಿಟ್ಟ ಭಾರದ ಹೆಚ್ಚಿನ ಪಾಲನ್ನು ಹೊರುವುದು ಮೂಲೆಗಳೇ. ಒತ್ತಿದಾಗ ಗಟ್ಟಿಯಾಗಿ ತಡೆದರೆ ಸರಿ, ಮೆತ್ತಗೆ ಒಳಗೆ ಹೋದರೆ ಆ ಬಾಕ್ಸಿನ ಕೆಲಸ ಮುಗಿದಿದೆ. ಒಮ್ಮೆ ನೆನೆದು ಒಣಗಿದ ರಟ್ಟು ನೋಡಲು ಚೆನ್ನಾಗಿದ್ದರೂ ಮೊದಲಿನ ಬಲ ಅದಕ್ಕೆ ಇರುವುದಿಲ್ಲ. ಗಾಳಿಗೆ ತೂತು ಬಿಟ್ಟ ತರಕಾರಿ ಬಾಕ್ಸ್ ಬೇಡ, ಎಣ್ಣೆ ಕಲೆಯದ್ದೂ ಬೇಡ. ಅಲೆಗಳ ಸಂದಿಯಲ್ಲಿ ಜಿರಲೆ ಅಡಗಿರುತ್ತದೆ. ಹೊಸ ಮನೆಗೆ ಅದನ್ನೂ ಹೊತ್ತೊಯ್ದಂತಾಗುತ್ತದೆ.

ಒಂದೇ ಅಳತೆಯ ಬಾಕ್ಸ್‌ಗಳನ್ನು ಆದಷ್ಟು ಗುಂಪಾಗಿ ತನ್ನಿ. ಮೂಲೆಯ ಮೇಲೆ ಮೂಲೆ ಕೂತಾಗ ಮಾತ್ರ ಪೇರಿಸಿದ ಸಾಲು ಗಟ್ಟಿ. ಇಟ್ಟಿಗೆ ಕಟ್ಟಿದ ಹಾಗೆ ಅಡ್ಡಡ್ಡ ಇಟ್ಟರೆ ಮೇಲಿನ ಬಾಕ್ಸಿನ ಮೂಲೆ ಕೆಳಗಿನದರ ಮುಚ್ಚಳದ ನಡುವೆ ಕೂತು ಅದನ್ನು ಕುಸಿಯುವಂತೆ ಮಾಡುತ್ತದೆ. ಅಲೆಯ ಗೆರೆಗಳು ನಿಂತಿರಬೇಕು. ಬಾಕ್ಸನ್ನು ಮಗ್ಗುಲಿಗೆ ಮಲಗಿಸಿ ಮೇಲೆ ಭಾರ ಹೇರಬೇಡಿ.

ಟೇಪಿನಲ್ಲಿ ಉಳಿತಾಯ ಮಾಡಲು ಹೋಗಬೇಡಿ. 2 ಇಂಚು ಅಗಲದ ಪ್ಯಾಕಿಂಗ್ ಟೇಪು ಬೇಕು. ಪೇಂಟಿಂಗ್‌ಗೆ ಬಳಸುವ ಮಾಸ್ಕಿಂಗ್ ಟೇಪು ಭಾರ ತಡೆಯುವುದಿಲ್ಲ. ಮುಚ್ಚಳದ ನಾಲ್ಕು ಎಲೆಗಳನ್ನು ಒಂದರೊಳಗೊಂದು ಸಿಕ್ಕಿಸಿ ತಳ ಮಾಡುವುದು ಹಲವರ ಅಭ್ಯಾಸ, ಅದು ಭಾರಕ್ಕೆ ಬಾಯಿ ಬಿಟ್ಟುಕೊಳ್ಳುತ್ತದೆ. ನಡುವಿನ ಸೀಳಿನ ಉದ್ದಕ್ಕೂ ಒಂದು ಪಟ್ಟಿ ಎಳೆದು ಎರಡೂ ಕಡೆ ಗೋಡೆಯ ಮೇಲೆ 3 ಇಂಚು ಇಳಿಸಿ, ಆಮೇಲೆ ಎರಡು ತುದಿಗೆ ಅಡ್ಡಲಾಗಿ ಒಂದೊಂದು ಪಟ್ಟಿ. ಭಾರದ ಬಾಕ್ಸಿನ ತಳಕ್ಕೆ ನಡುವಿನ ಪಟ್ಟಿ ಎರಡು ಸಲ. ಹೀಗೆ ಮೇಲೆ ಕೆಳಗೆ ಅಂಟಿಸಿದರೆ ಒಂದು ಮಧ್ಯಮ ಬಾಕ್ಸಿಗೆ ಮೂರೂಕಾಲು ಮೀಟರ್ ಹತ್ತಿರ ಟೇಪು ಹೋಗುತ್ತದೆ. 65 ಮೀಟರಿನ ರೋಲ್ ಸುಮಾರು 20 ಬಾಕ್ಸಿಗೆ ಬರುತ್ತದೆ. ನಿಮಗೆ ಮೂರು ರೋಲ್, ಕೈಮೀಸಲಿಗೆ ಇನ್ನೊಂದು. ಧೂಳು ಒರೆಸಿ ಅಂಟಿಸಿ, ಇಲ್ಲದಿದ್ದರೆ ಟೇಪು ಧೂಳಿಗೆ ಅಂಟುತ್ತದೆಯೇ ಹೊರತು ರಟ್ಟಿಗಲ್ಲ.

ಇನ್ನು ಅಡುಗೆಮನೆ. ಎಲ್ಲರೂ ಎಡವುವುದು ಇಲ್ಲೇ. ಬಬಲ್ ವ್ರ್ಯಾಪಿಗಿಂತ ಇಲ್ಲಿ ಬೇಕಾದದ್ದು ಕಾಗದ. ಅಚ್ಚಾಗದ ಬಿಳಿ ನ್ಯೂಸ್‌ಪ್ರಿಂಟ್ ಇಡೀ ಮನೆಗೆ 10 ಕೆಜಿ ಇರಲಿ, ಅದರಲ್ಲಿ ಅರ್ಧವನ್ನು ಅಡುಗೆಮನೆಯೇ ತಿನ್ನುತ್ತದೆ. ಓದಿದ ಪತ್ರಿಕೆಯ ಮಸಿ ತಟ್ಟೆಗೂ ಕೈಗೂ ಹತ್ತುತ್ತದೆ. ಅದನ್ನು ಸಂದು ತುಂಬಲು ಬಳಸಿ. ಬಾಕ್ಸಿನ ತಳಕ್ಕೆ ಕಾಗದವನ್ನು ಉಂಡೆ ಮಾಡಿ ಮೂರು ಇಂಚು ಹಾಸಿ. ಉಂಡೆ ತೀರಾ ಬಿಗಿಯಾಗಬಾರದು, ಒತ್ತಿದರೆ ತಿರುಗಿ ಮೇಲೇಳಬೇಕು. ಪ್ರತಿ ತಟ್ಟೆಗೂ ಒಂದು ಹಾಳೆ ಸುತ್ತಿ, ನಾಲ್ಕೈದನ್ನು ಸೇರಿಸಿ ಇನ್ನೊಂದು ಹಾಳೆಯಲ್ಲಿ ಕಟ್ಟಿ, ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದಂತೆ ಅಂಚಿನ ಮೇಲೆ ನಿಲ್ಲಿಸಿ. ಮಲಗಿಸಿ ಪೇರಿಸಿದರೆ ಗಾಡಿ ಗುಂಡಿಗೆ ಇಳಿದಾಗ ಮೇಲಿನ ಅಷ್ಟೂ ತಟ್ಟೆಗಳ ಭಾರ ಕೆಳಗಿನದರ ಮೇಲೆ ಬೀಳುತ್ತದೆ. ಗಾಜಿನ ಲೋಟದ ಒಳಗೂ ಕಾಗದ ತುರುಕಿ, ಬಾಯಿ ಕೆಳಗೆ ಮಾಡಿ ಇಡಿ, ಒಂದರೊಳಗೊಂದು ಬೇಡ. ಸುತ್ತಿದ ಮೇಲೂ ಗೋಡೆಗೆ ತಾಗದಂತೆ ಬದಿಗೆ ಎರಡು ಇಂಚು ಕಾಗದ, ಮೇಲೆ ಮತ್ತೆ ಮೂರು ಇಂಚು. ಮುಚ್ಚುವ ಮುಂಚೆ ಬಾಕ್ಸನ್ನು ಮೆಲ್ಲಗೆ ಅಲುಗಾಡಿಸಿ. ಒಳಗೆ ಒಂದಿಷ್ಟು ಸದ್ದು ಕೇಳಿದರೂ ಇನ್ನೂ ಕಾಗದ ಬೇಕು. ಖಾಲಿ ಜಾಗ ಉಳಿದರೆ ಸಾಮಾನು ಒಡೆಯುವುದಷ್ಟೇ ಅಲ್ಲ, ಒಳಗೆ ಆಸರೆ ಇಲ್ಲದ್ದರಿಂದ ಮೇಲಿನ ಬಾಕ್ಸಿನ ಭಾರಕ್ಕೆ ಮುಚ್ಚಳವೂ ಕುಸಿಯುತ್ತದೆ.

ಬಬಲ್ ವ್ರ್ಯಾಪನ್ನು ಕನ್ನಡಿ, ಫೋಟೋ ಚೌಕಟ್ಟು, ಮಾನಿಟರ್, ದೀಪ, ಗಾಜಿನ ಬಾಟಲಿಗಷ್ಟೇ ಉಳಿಸಿಕೊಳ್ಳಿ. ಗುಳ್ಳೆಯ ಮೈ ಒಳಗೆ, ಸಾಮಾನಿನ ಕಡೆಗಿರಲಿ. ಪಾಲಿಶ್ ಮಾಡಿದ ಮರಕ್ಕೆ, ಟಿವಿಯ ಪರದೆಗೆ ಮಾತ್ರ ನೇರ ಸುತ್ತಬೇಡಿ. ಬಿಸಿಲಿನಲ್ಲಿ ಗುಳ್ಳೆಯ ಗುರುತು ಮೂಡಬಹುದು. ಮೊದಲು ಕಾಗದ ಅಥವಾ ಮೆತ್ತನೆ ಬಟ್ಟೆ, ಅದರ ಮೇಲೆ ಗುಳ್ಳೆ. ಟಿವಿ ಮಲಗಿಸದೆ ನಿಲ್ಲಿಸಿಯೇ ಸಾಗಿಸಿ. ಸ್ಟ್ರೆಚ್ ಫಿಲ್ಮ್, ಅಂದರೆ ಎಳೆದು ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ, ಪೆಟ್ಟು ತಡೆಯುವುದಿಲ್ಲ, ಬರೀ ಹಿಡಿದಿಡುತ್ತದೆ. ಡ್ರಾಯರ್ ಜಾರದಂತೆ, ಕಂಬಳಿ ಸೋಫಾದಿಂದ ಬಿಚ್ಚದಂತೆ ಬಿಗಿಯಲು ಅದು ಸರಿ. ಚರ್ಮದ ಸೋಫಾಗೆ ನೇರವಾಗಿ ಬಿಗಿದು ದಿನಗಟ್ಟಲೆ ಬಿಟ್ಟರೆ ಒಳಗೆ ತೇವ ನಿಂತು ಮೈ ಹಾಳಾಗುತ್ತದೆ. ಹಾಸಿಗೆಗೆ ದಪ್ಪ ಪ್ಲಾಸ್ಟಿಕ್ ಕವರ್ ಬೇಕೇ ಬೇಕು.

ಎಣ್ಣೆ, ಶಾಂಪೂ ಬಾಟಲಿಗಳ ಮುಚ್ಚಳ ತೆಗೆದು, ಬಾಯಿಗೆ ಪ್ಲಾಸ್ಟಿಕ್ ತುಂಡು ಇಟ್ಟು, ಮೇಲೆ ಮುಚ್ಚಳ ಬಿಗಿದು, ಬೇರೆ ಚೀಲಕ್ಕೆ ಹಾಕಿ. ಥಿನ್ನರ್, ಸ್ಪ್ರೇ ಡಬ್ಬಿ, ಸೀಮೆಎಣ್ಣೆಯಂಥವನ್ನು ಬಾಕ್ಸಿಗೆ ಹಾಕಲೇಬೇಡಿ. ಕಾಗದಪತ್ರ, ಒಡವೆ, ದಿನದ ಔಷಧಿ ನಿಮ್ಮ ಕೈಚೀಲದಲ್ಲೇ ಇರಲಿ.

ಹೆಸರು ಬರೆಯುವುದು ಮುಚ್ಚಳದ ಮೇಲಲ್ಲ, ಪೇರಿಸಿದಾಗ ಅದು ಕಾಣುವುದಿಲ್ಲ. ಎದುರುಬದುರಿನ ಎರಡು ಗೋಡೆಯ ಮೇಲೆ ಸಂಖ್ಯೆ ಮತ್ತು ಹೊಸ ಮನೆಯಲ್ಲಿ ಅದು ಹೋಗಬೇಕಾದ ಕೋಣೆ, ಎರಡೇ ಸಾಕು. ಒಳಗಿರುವುದರ ಪಟ್ಟಿ ಫೋನಿನಲ್ಲಿ ಆ ಸಂಖ್ಯೆಯ ಎದುರಿಗೆ ಇರಲಿ. ಒಂದು ಚಿಕ್ಕ ಬಾಕ್ಸನ್ನು ಮಾತ್ರ ಕೊನೆಯವರೆಗೆ ತೆರೆದಿಡಿ. ಕಟ್ಟರ್, ಸ್ಕ್ರೂಡ್ರೈವರ್, ಚಾರ್ಜರ್, ಸಾಬೂನು, ಒಂದು ಟವಲ್, ಮಂಚ ಬಿಚ್ಚಿದ ಬೋಲ್ಟುಗಳನ್ನು ಹಾಕಿದ ಚೀಲ ಅದರಲ್ಲಿರಲಿ. ಅದು ಗಾಡಿಗೆ ಎಲ್ಲಕ್ಕಿಂತ ಕೊನೆಗೆ ಏರಬೇಕು, ಇಳಿಯುವಾಗ ಮೊದಲು ಕೈಗೆ ಸಿಗಬೇಕು.