ಆರುನೂರು ಜನರೂ ಇಲ್ಲದ ನೆಬ್ರಾಸ್ಕಾದ ಹಳ್ಳಿಯಲ್ಲಿ ವೈದ್ಯನ ಕೆಲಸ ಒಪ್ಪಿಕೊಳ್ಳಬಹುದೇ?

ಅಮೆರಿಕದಲ್ಲಿ ರೆಸಿಡೆನ್ಸಿ (ಆಸ್ಪತ್ರೆಯ ವೈದ್ಯ ತರಬೇತಿ) ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಬೇಕೆಂಬ ಜೆ-1 ವೀಸಾದ ಷರತ್ತಿನಿಂದ, ವೈದ್ಯರ ಕೊರತೆಯಿರುವ ಊರಿನಲ್ಲಿ ಮೂರು ವರ್ಷ ದುಡಿದರೆ ವಿನಾಯಿತಿ ಸಿಗುತ್ತದೆ ಎಂಬ ಕಾರಣಕ್ಕೆ ಇಷ್ಟು ಸಣ್ಣ ಊರಿನ ಆಸ್ಪತ್ರೆಗೆ ಸೇರಬೇಕೇ, ಆ ಆಸ್ಪತ್ರೆ ಮೂರು ವರ್ಷ ಉಳಿಯುತ್ತದೆಯೇ, ರಾಜ್ಯದ ರಾಜಧಾನಿ ಲಿಂಕನ್‌ನಲ್ಲಿ ಮನೆ ಮಾಡಿಕೊಂಡು ಅಲ್ಲಿಂದ ಓಡಾಡಿದರೆ ಆಗದೇ ಎಂದು ಕೇಳಿದ್ದೀರಿ. ಇದೇ ಮೂರು ಪ್ರಶ್ನೆಗಳನ್ನು ಹೊತ್ತುಕೊಂಡು ನಾನೂ ಡೆಟ್ರಾಯಿಟ್‌ನಿಂದ ನೆಬ್ರಾಸ್ಕಾಕ್ಕೆ ಬಂದವನು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕೆಲಸಕ್ಕೆ ಸೇರಿ, ಆದರೆ ಲಿಂಕನ್‌ನಲ್ಲಿ ಮನೆ ಮಾಡಬೇಡಿ.

ನಾನು ಸಂದರ್ಶನಕ್ಕೆ ಹೋದದ್ದು ಅಕ್ಟೋಬರಿನಲ್ಲಿ, ಮೆಕ್ಕೆಜೋಳದ ಕಟಾವಿನ ಹೊತ್ತಿಗೆ. ಊರು ಶುರುವಾಗುವಲ್ಲಿ ನೆಟ್ಟಿದ್ದ ಹಸಿರು ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಜನಸಂಖ್ಯೆ ಬರೆದಿತ್ತು; ನಿಮ್ಮ ಹಳ್ಳಿಯದಕ್ಕಿಂತ ಅದು ಕಡಿಮೆಯೇ. ಮುಖ್ಯ ಬೀದಿಯಲ್ಲಿ ಅರ್ಧಕ್ಕರ್ಧ ಅಂಗಡಿಗಳು ಮುಚ್ಚಿದ್ದವು. ಧಾನ್ಯ ತುಂಬಿಡುವ ಎತ್ತರದ ಉಗ್ರಾಣದ (ಎಲಿವೇಟರ್) ಮುಂದೆ ಮಾತ್ರ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಆ ಸಾಲನ್ನು ಕಣ್ಣಾರೆ ಕಂಡರೂ ನನ್ನ ಮನಸ್ಸಿನಲ್ಲಿ ನಿಂತದ್ದು ಫಲಕದ ಅಂಕಿಯೇ. ಇಷ್ಟು ಜನರಿಗಾಗಿ ಒಂದು ಆಸ್ಪತ್ರೆಯನ್ನು ಯಾರು ಎಷ್ಟು ದಿನ ನಡೆಸಿಯಾರು, ಇದು ಇಂದಲ್ಲ ನಾಳೆ ಮುಚ್ಚುತ್ತದೆ ಎಂದು ತೀರ್ಮಾನಿಸಿ, ಮುಂಜಾಗ್ರತೆ ಎಂದುಕೊಂಡು ಲಿಂಕನ್‌ನಲ್ಲಿ ಸಾಲ ಮಾಡಿ ಮನೆ ಕೊಂಡೆ. ಹೆಂಡತಿಗೆ ಅಲ್ಲಿಯೇ ಕೆಲಸ ಸಿಕ್ಕಿತು, ಮಗಳನ್ನು ಅಲ್ಲಿನ ಶಾಲೆಗೆ ಸೇರಿಸಿದೆವು, ನಾನು ಒಂದೂವರೆ ಗಂಟೆಯ ದಾರಿಯನ್ನು ಕಾರಿನಲ್ಲಿ ಓಡಾಡತೊಡಗಿದೆ.

ಈ ಒಂದು ನಿರ್ಧಾರ ನನಗೆ ಎಷ್ಟು ದುಬಾರಿಯಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಹಳ್ಳಿಯ ಆಸ್ಪತ್ರೆ ಬಹುಶಃ ‘ಕ್ರಿಟಿಕಲ್ ಆಕ್ಸೆಸ್’ ವರ್ಗದ್ದು. 1997ರ ಕಾನೂನಿನಿಂದ ಬಂದ ಈ ವರ್ಗದ ಆಸ್ಪತ್ರೆಗಳಲ್ಲಿ 25ಕ್ಕಿಂತ ಹೆಚ್ಚು ಹಾಸಿಗೆ ಇರುವಂತಿಲ್ಲ, ಆದರೆ ತುರ್ತು ಚಿಕಿತ್ಸೆ ಹಗಲಿರುಳೂ ಇರಲೇಬೇಕು. ಕರೆ ಬಂದರೆ, ತೀರಾ ದುರ್ಗಮ ಪ್ರದೇಶಗಳನ್ನು ಬಿಟ್ಟರೆ, ಕರ್ತವ್ಯದಲ್ಲಿರುವವರು ಅರ್ಧ ಗಂಟೆಯೊಳಗೆ ಅಲ್ಲಿರಬೇಕು. ಒಂದೂವರೆ ಗಂಟೆ ದೂರದಲ್ಲಿ ಮನೆ ಮಾಡಿದವನಿಗೆ ಇದರ ಅರ್ಥ ಒಂದೇ: ತುರ್ತು ಕರೆಗೆ ಸಿದ್ಧನಿರಬೇಕಾದ ದಿನಗಳಲ್ಲೆಲ್ಲ ಆಸ್ಪತ್ರೆಯ ಕೊಠಡಿಯಲ್ಲೇ ಮಲಗಬೇಕು. ಚಳಿಗಾಲದಲ್ಲಿ ಹಿಮಗಾಳಿ ಎದ್ದು ಹೆದ್ದಾರಿ ಮುಚ್ಚಿದಾಗ ಕರೆಯಿಲ್ಲದ ದಿನಗಳಲ್ಲೂ ಅಲ್ಲೇ ಉಳಿಯಬೇಕಾಯಿತು. ಮಗಳ ಹುಟ್ಟುಹಬ್ಬವನ್ನು ಫೋನಿನಲ್ಲಿ ನೋಡಿದೆ.

ಅದಕ್ಕಿಂತ ದೊಡ್ಡ ನಷ್ಟ ರೋಗಿಗಳದ್ದು. ಒಬ್ಬ ಹಿರಿಯ ರೈತರಿಗೆ ರಕ್ತದೊತ್ತಡದ ಮಾತ್ರೆ ಬದಲಿಸೋಣ ಎಂದಾಗ ಅವರು ಟೋಪಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, “ಡಾಕ್ಟರೇ, ನೀವು ಇಲ್ಲಿ ಎಷ್ಟು ದಿನ ಇರುತ್ತೀರಿ?” ಎಂದು ಕೇಳಿದರು. ಅದು ಕೊಂಕು ನುಡಿಯಾಗಿರಲಿಲ್ಲ. ಮೂರು ವರ್ಷದ ಕರಾರು ಮುಗಿದ ಮರುದಿನವೇ ಹೊರಟುಹೋದ ವೈದ್ಯರನ್ನು ಅವರು ಕಂಡಿದ್ದರು. ತಮ್ಮ ಕಾಯಿಲೆಯ ಕಥೆಯನ್ನು ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿ ದಣಿದಿದ್ದರು. ಸಂಜೆ ಐದಕ್ಕೆ ನನ್ನ ಕಾರು ಲಿಂಕನ್ ಕಡೆಗೆ ತಿರುಗುವುದನ್ನು ಇಡೀ ಊರು ನೋಡುತ್ತಿತ್ತು. ಹಾಗಾಗಿ ಜನ ಮೊದಲಿನಿಂದ ಅಲ್ಲೇ ಇದ್ದ ನರ್ಸ್ ಪ್ರಾಕ್ಟೀಷನರ್ (ರೋಗಿಗಳನ್ನು ಪರೀಕ್ಷಿಸಿ ಔಷಧಿ ಬರೆಯಬಲ್ಲ ನರ್ಸ್) ಬಳಿಗೇ ಹೋಗುತ್ತಿದ್ದರು. ಎರಡನೆಯ ವರ್ಷದಿಂದ ನನ್ನ ಸಂಬಳದ ಒಂದು ಭಾಗ ನೋಡಿದ ರೋಗಿಗಳ ಸಂಖ್ಯೆಯನ್ನು ಅವಲಂಬಿಸಿತ್ತು, ಅದು ಬರಲಿಲ್ಲ. ಕೊನೆಗೆ ಲಿಂಕನ್‌ನ ಮನೆಯನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದೆವು. ಎರಡು ದೋಣಿಗಳ ಮೇಲೆ ಕಾಲಿಟ್ಟವನ ಪಾಡು ನನ್ನದಾಯಿತು.

ಇದಕ್ಕೆಲ್ಲ ಮೂಲ ಆ ಫಲಕದ ಅಂಕಿ. ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಹಳ್ಳಿಯ ಜನಸಂಖ್ಯೆ ಎಂದರೆ ಹಳ್ಳಿಯ ಗಡಿಯೊಳಗೆ ಮಲಗುವವರ ಸಂಖ್ಯೆ, ಅಷ್ಟೇ. ಗಡಿಯಾಚೆ ಹೊಲದಲ್ಲೇ ಮನೆ ಕಟ್ಟಿಕೊಂಡಿರುವ ರೈತ ಕುಟುಂಬಗಳು ಅದರಲ್ಲಿ ಸೇರುವುದಿಲ್ಲ, ಆದರೆ ಊರಿನ ವೃದ್ಧಾಶ್ರಮದಲ್ಲಿರುವವರು ಸೇರುತ್ತಾರೆ. ನಮ್ಮ ಆಸ್ಪತ್ರೆಗೆ ಇಡೀ ಕೌಂಟಿಯವರು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಬರುತ್ತಾರೆ, ಪಕ್ಕದ ಕೌಂಟಿಯಲ್ಲಿ ಆಸ್ಪತ್ರೆಯೇ ಇಲ್ಲದ್ದರಿಂದ ಅಲ್ಲಿಯವರೂ ಬರುತ್ತಾರೆ. ಮೇಲಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಈ ವರ್ಗದ ಆಸ್ಪತ್ರೆಗಳಿಗೆ ಸಾಮಾನ್ಯ ದರದ ಬದಲು ತಗುಲಿದ ನ್ಯಾಯಯುತ ವೆಚ್ಚದ ಶೇ. 101ರ ಲೆಕ್ಕದಲ್ಲಿ ಹಣ ಕೊಡುತ್ತದೆ. ಕಷ್ಟ ಇಲ್ಲವೆಂದಲ್ಲ, ಮುಚ್ಚಿದ ಗ್ರಾಮೀಣ ಆಸ್ಪತ್ರೆಗಳು ಇವೆ. ಆದರೆ ಊರಿನ ತಲೆಯೆಣಿಕೆಯಿಂದ ಅದನ್ನು ಊಹಿಸಲಾಗದು.

ಆ ಅಂಕಿಯಾದರೂ ಕರಾರುವಾಕ್ಕೇ ಎಂದರೆ ಅದೂ ಅಲ್ಲ. ಇದೇ ರಾಜ್ಯದ ಬಾಯ್ಡ್ ಕೌಂಟಿಯಲ್ಲಿ ಮೊನೊವೈ ಎಂಬ ಹಳ್ಳಿಯಿದೆ. 1930ರ ಗಣತಿಯಲ್ಲಿ ಅಲ್ಲಿ 123 ಜನ ಇದ್ದರು, 2000ದಲ್ಲಿ ರೂಡಿ ಮತ್ತು ಎಲ್ಸಿ ಐಲರ್ ದಂಪತಿ ಇಬ್ಬರೇ. 2004ರಲ್ಲಿ ರೂಡಿ ತೀರಿಕೊಂಡ ಮೇಲೆ ಉಳಿದ ಎಲ್ಸಿ ತಾವೇ ಮೇಯರ್, ತಾವೇ ಗುಮಾಸ್ತೆ, ತಾವೇ ಖಜಾಂಚಿಯಾಗಿ ಊರನ್ನು ನಡೆಸಿದರು. ಪತಿಯ ಪುಸ್ತಕಗಳಿಂದ ಒಂದು ಗ್ರಂಥಾಲಯವನ್ನೂ ಮಾಡಿದರು. 2010ರ ಗಣತಿ ಒಬ್ಬರು ಎಂದಿತು, 2020ರದ್ದು ಇಬ್ಬರು ಎಂದಿತು. ಎರಡನೆಯವರು ಯಾರೂ ಬಂದಿರಲಿಲ್ಲ. ವ್ಯಕ್ತಿಗಳ ಗುರುತು ಹೊರಬೀಳದಿರಲೆಂದು ಆ ಗಣತಿಯಲ್ಲಿ ರಾಜ್ಯದ ಒಟ್ಟು ಸಂಖ್ಯೆಯನ್ನು ಬಿಟ್ಟು ಸಣ್ಣ ಊರುಗಳ ಅಂಕಿಗಳಿಗೆ ಬೇಕೆಂದೇ ಸ್ವಲ್ಪ ಏರುಪೇರು ಸೇರಿಸಿದ್ದರು.

ಈ ಹಳ್ಳಿಗಳು ಕುಗ್ಗುತ್ತಿರುವುದು ನಿಜ. ಗಾಡಿಯಲ್ಲಿ ಧಾನ್ಯ ತಂದ ರೈತ ಕತ್ತಲಾಗುವುದರೊಳಗೆ ಮನೆ ಸೇರಬೇಕೆಂಬ ಲೆಕ್ಕದಲ್ಲಿ ರೈಲು ದಾರಿಯುದ್ದಕ್ಕೂ ಕೆಲವೇ ಮೈಲಿಗಳಿಗೆ ಒಂದರಂತೆ ಊರುಗಳನ್ನು ಹುಟ್ಟಿಸಿದರು. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಒಂದು ಕುಟುಂಬಕ್ಕೆ 160 ಎಕರೆ ಸಿಗುತ್ತಿತ್ತು. ಇಂದು ಅಪ್ಪ ಮಗ ಇಬ್ಬರೇ ಕಂಬೈನ್ ಕಟಾವು ಯಂತ್ರ ಇಟ್ಟುಕೊಂಡು ಅದರ ಎಷ್ಟೋ ಪಟ್ಟು ನೆಲದಲ್ಲಿ ಬೇಸಾಯ ಮಾಡುತ್ತಾರೆ. ಜನ ಕಡಿಮೆಯಾದರೂ ನೆಲದ ಕೆಲಸ ಕಡಿಮೆಯಾಗಿಲ್ಲ. ರಾಜ್ಯದ ಅರ್ಧಕ್ಕಿಂತ ಹೆಚ್ಚು ಮಂದಿ ಇಂದು ಒಮಾಹಾ ಮತ್ತು ಲಿಂಕನ್ ಸುತ್ತಲಿನ ಮೂರು ಕೌಂಟಿಗಳಲ್ಲಿದ್ದಾರೆ, ವೈದ್ಯರೂ ಅಲ್ಲೇ ಇದ್ದಾರೆ. ಈ ಕಾರಣಕ್ಕೇ ರಾಜ್ಯ ಪ್ರತಿ ವರ್ಷ ಗರಿಷ್ಠ 30 ವಿನಾಯಿತಿಗಳ ಯೋಜನೆಯಡಿ ನಮ್ಮಂಥವರನ್ನು ಕರೆಯುತ್ತದೆ.

ಮನೆ ಮಾರಿದ ಮೇಲೆ ನಾವು ಹಳ್ಳಿಗೆ ಬಂದದ್ದು ಆಸ್ಪತ್ರೆಯವರೇ ಬಾಡಿಗೆಗೆ ಕೊಟ್ಟ ಮನೆಗೆ. ನಮ್ಮ ಊರಿನಲ್ಲಿ ಅಂಚೆ ಮನೆಬಾಗಿಲಿಗೆ ಬರುವುದಿಲ್ಲ, ಎಲ್ಲರೂ ಅಂಚೆ ಕಚೇರಿಯ ಪೆಟ್ಟಿಗೆಗೇ ಹೋಗಬೇಕು. ಅಲ್ಲಿ ಪ್ರತಿದಿನ ಹತ್ತು ನಿಮಿಷ ನಿಂತದ್ದರಿಂದ ನನಗೆ ಸಿಕ್ಕ ಪರಿಚಯ ಕ್ಲಿನಿಕ್ಕಿನಲ್ಲಿ ಸಿಕ್ಕಿರಲಿಲ್ಲ. ಆಂಬ್ಯುಲೆನ್ಸ್ ಓಡಿಸುವ ಸ್ವಯಂಸೇವಕರು ಬ್ಯಾಂಕಿನ ಗುಮಾಸ್ತೆ ಮತ್ತು ಶಾಲೆಯ ಬಸ್ ಚಾಲಕ ಎಂಬುದು ಗೊತ್ತಾದದ್ದೂ ಅಲ್ಲೇ. ಮಗಳು ಶಾಲೆಯ ವಾಲಿಬಾಲ್ ತಂಡ ಸೇರಿದಳು, ಹೆಂಡತಿ ಮನೆಯಿಂದಲೇ ಕೆಲಸ ಮಾಡುವ ಏರ್ಪಾಡು ಮಾಡಿಕೊಂಡಳು. ಟೋಪಿಯ ಆ ರೈತರು ಈಗ ಹೆಂಡತಿಯನ್ನೂ ಕರೆತರುತ್ತಾರೆ. ಸಾಂಬಾರ್ ಪುಡಿಗೆ ಒಮಾಹಾಕ್ಕೆ ಹೋಗುವುದು ಮಾತ್ರ ತಪ್ಪಿಲ್ಲ.

ಹಾಗಾಗಿ ಫಲಕವನ್ನು ಬಿಟ್ಟು ಬೇರೆ ಅಂಕಿಗಳನ್ನು ಕೇಳಿ. ಶಾಲೆಯ ಕಿಂಡರ್‌ಗಾರ್ಟನ್‌ನಲ್ಲಿ ಎಷ್ಟು ಮಕ್ಕಳಿದ್ದಾರೆ, ಹನ್ನೆರಡನೆಯ ತರಗತಿಯಲ್ಲಿ ಎಷ್ಟು ಮಂದಿ? ಮೊದಲನೆಯದು ಎರಡನೆಯದರ ಅರ್ಧವಿದ್ದರೆ ಯೋಚಿಸಿ. ಆಸ್ಪತ್ರೆಯಲ್ಲಿ ಹೆರಿಗೆ ಇನ್ನೂ ಮಾಡಿಸುತ್ತಾರೆಯೇ, ಆಂಬ್ಯುಲೆನ್ಸ್ ಸ್ವಯಂಸೇವಕರ ಪಟ್ಟಿಯಲ್ಲಿ ಐವತ್ತು ದಾಟದವರು ಎಷ್ಟು ಜನ, ನಿಮಗಿಂತ ಹಿಂದೆ ಬಂದ ವೈದ್ಯರು ಏಕೆ ಹೋದರು ಎಂದು ಕೇಳಿ. ಕೊನೆಯದನ್ನು ಆಡಳಿತಾಧಿಕಾರಿಯನ್ನಲ್ಲ, ನರ್ಸ್‌ಗಳನ್ನು ಕೇಳಿ. ರೋಗಿಗಳ ಸಂಖ್ಯೆಗೆ ಸಂಬಳ ಕಟ್ಟುವ ಷರತ್ತನ್ನು ಮೂರೂ ವರ್ಷ ಒಪ್ಪಬೇಡಿ. ಆಸ್ಪತ್ರೆ ಮುಚ್ಚಿಯೇಬಿಟ್ಟರೆ ಅಸಾಧಾರಣ ಸಂದರ್ಭವೆಂದು ತೋರಿಸಿ ವೈದ್ಯರ ಕೊರತೆಯಿರುವ ಇನ್ನೊಂದು ಊರಿನಲ್ಲಿ ಉಳಿದ ಅವಧಿ ಪೂರೈಸಲು ನಿಯಮದಲ್ಲಿ ಅವಕಾಶವಿದೆ. ವಲಸೆ ವಕೀಲರೊಡನೆ ಅದನ್ನು ಸಹಿ ಹಾಕುವ ಮೊದಲೇ ಮಾತಾಡಿಕೊಳ್ಳಿ.

ನಿಮ್ಮ ಪತ್ನಿಯನ್ನು ಫೆಬ್ರವರಿಯಲ್ಲಿ ಒಂದು ವಾರ ಅಲ್ಲಿಗೆ ಕರೆದುಕೊಂಡು ಹೋಗಿ. ಅಲ್ಲಿ ಇರಲಾರೆ ಎಂದು ಅವರು ಹೇಳಿದರೆ ಈ ಕೆಲಸವನ್ನೇ ಬಿಟ್ಟು, ಇಬ್ಬರೂ ಒಟ್ಟಿಗೆ ಇರಬಹುದಾದ ಸ್ವಲ್ಪ ದೊಡ್ಡ ಊರನ್ನು ಹುಡುಕಿ. ಸೇರಿದರೆ ವಿನಾಯಿತಿ ಸಿಗುವಂಥ ಆಸ್ಪತ್ರೆಗಳು ಅಲ್ಲೂ ಇವೆ.