ಕ್ಯಾಮೆರಾ ಕಟ್ಟೆ: ಏಡಿಯ ರಂಗೋಲಿ, ಬೀರುವಿನ ಲೆನ್ಸ್

ಓದುಗರ ಪ್ರಶ್ನೆಗಳಿಗೆ ಕಾರವಾರದ ನಿವೃತ್ತ ಗಣಿತ ಮೇಷ್ಟ್ರೊಬ್ಬರ ಉತ್ತರ

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯವನು ನಾನು. ಸಹಕಾರಿ ಸಂಘವೊಂದರಲ್ಲಿ ಗುಮಾಸ್ತ, ಜೊತೆಗೆ ಒಂದೂವರೆ ಎಕರೆ ಅಡಿಕೆ ತೋಟ. ನಾಲ್ಕು ವರ್ಷದ ಹಿಂದೆ ಕಂತಿನಲ್ಲಿ ಕ್ಯಾಮೆರಾ ಕೊಂಡೆ, ದೂರದ ಹಕ್ಕಿಯನ್ನು ಹತ್ತಿರಕ್ಕೆ ತರುವ 150–600 ಎಂ.ಎಂ. ಲೆನ್ಸನ್ನೂ ಕೊಂಡೆ. ಮೊದಮೊದಲು ರಜೆ ಸಿಕ್ಕಿದರೆ ಸಾಕು, ದಾಂಡೇಲಿಗೋ ಗಣೇಶಗುಡಿಗೋ ಓಡುತ್ತಿದ್ದೆ. ಮಂಗಟ್ಟೆ ಹಕ್ಕಿಯೂ ಸಿಕ್ಕಿತು. ಈಗ ಏನನ್ನೂ ತೆಗೆಯಬೇಕೆನ್ನಿಸುವುದಿಲ್ಲ. ಬೆಳಗಾದರೆ ಮೊಬೈಲ್‌ನಲ್ಲಿ ಯಾರದೋ ಕಬಿನಿಯ ಹುಲಿ, ಇನ್ಯಾರದೋ ಆಫ್ರಿಕಾದ ಚಿರತೆ. ನನ್ನ ಕ್ಯಾಮೆರಾ ಕಳೆದ ಮಳೆಗಾಲದಿಂದ ಬೀರುವಿನಲ್ಲಿದೆ. ಸ್ಫೂರ್ತಿಯನ್ನು ಎಲ್ಲಿಂದ ತರುವುದು?

ಉತ್ತರ: ಸಂತೆಯಿಂದ ತರುವ ಸಾಮಾನಾಗಿದ್ದರೆ ನಾನೂ ಒಂದು ಕಿಲೋ ತರುತ್ತಿದ್ದೆ. ನಿಮ್ಮ ಕಾಯಿಲೆ ನನಗೂ ಬಂದಿತ್ತು. ನನ್ನದು ಹುಲಿಯ ಕಾಯಿಲೆಯಲ್ಲ, ಸೂರ್ಯಾಸ್ತದ ಕಾಯಿಲೆ. ಕಾರವಾರದಲ್ಲಿ ಮನೆ, ನಡೆದರೆ ಹತ್ತು ನಿಮಿಷಕ್ಕೆ ಟಾಗೋರ್ ಕಡಲತೀರ. ಕೂರ್ಮಗಡ ದ್ವೀಪದ ಪಕ್ಕ ಮುಳುಗುವ ಸೂರ್ಯನನ್ನು ಎಷ್ಟು ಸಲ ತೆಗೆದೆನೋ ಲೆಕ್ಕವಿಲ್ಲ. ಒಂದು ದಿನ ಕಂಪ್ಯೂಟರಿನಲ್ಲಿ ಅವನ್ನೆಲ್ಲ ಒಟ್ಟಿಗೆ ಹರಡಿದೆ. ಒಂದೇ ಚಿತ್ರವನ್ನು ಇನ್ನೂರು ಸಲ ಮುದ್ರಿಸಿದ ಹಾಗೆ ಕಂಡಿತು. ಆಮೇಲೆ ಎಂಟು ತಿಂಗಳು ಕ್ಯಾಮೆರಾ ಮುಟ್ಟಲಿಲ್ಲ.

ಮತ್ತೆ ಮುಟ್ಟುವಂತೆ ಮಾಡಿದವನು ಎಂಟನೆಯ ತರಗತಿಯ ಹುಡುಗ, ಮೀನುಗಾರರ ಕೇರಿಯವನು. ಗಣಿತದಲ್ಲಿ ಅಷ್ಟಕ್ಕಷ್ಟೇ. ವೃತ್ತದ ತ್ರಿಜ್ಯ ಹೇಳಿಕೊಡುತ್ತಿದ್ದಾಗ ಎದ್ದು ನಿಂತು ಕೇಳಿದ: "ಸರ್, ದಂಡೆಯ ಮೇಲೆ ಏಡಿ ರಂಗೋಲಿ ಹಾಕುತ್ತದಲ್ಲ, ಅದರಲ್ಲಿ ಒಂದು ಗೆರೆ ಮಾತ್ರ ಯಾವಾಗಲೂ ಖಾಲಿ ಇರುತ್ತದೆ. ಯಾಕೆ?" ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಅದೇ ದಂಡೆಯಲ್ಲಿ ಆ ರಂಗೋಲಿಯನ್ನು ತುಳಿದುಕೊಂಡು ಹೋಗಿ ಸೂರ್ಯನನ್ನು ತೆಗೆದವನು ನಾನು.

ಮರುದಿನ ಇಳಿತದ ಹೊತ್ತಿಗೆ ಹೋದೆ. ಒದ್ದೆ ಮರಳಿನಲ್ಲಿ ಪೆನ್ಸಿಲ್ ತೂರುವಷ್ಟು ಗೂಡು, ಅದರ ಸುತ್ತ ಸಾಸಿವೆಗಿಂತ ದಪ್ಪನೆಯ ಮರಳುಗುಳಿಗೆಗಳ ಸಾಲು ಸಾಲು. ನನ್ನ ನೆರಳು ಬಿದ್ದದ್ದೇ ತಡ, ಏಡಿ ಮಾಯ. ಒದ್ದೆ ಮರಳಿನ ಮೇಲೆ ಬೋರಲು ಮಲಗಿ ಕಾದೆ. ವಾಯುವಿಹಾರಕ್ಕೆ ಬಂದಿದ್ದ ಇಬ್ಬರು, ಯಾರೋ ಬಿದ್ದಿದ್ದಾರೆಂದು ಓಡಿಬಂದರು. ಅವರನ್ನು ಸಮಾಧಾನಪಡಿಸಿ ಕಳಿಸಿ, ಮತ್ತೆ ಹತ್ತು ನಿಮಿಷ ಅಲುಗಾಡದೆ ಇದ್ದಾಗ ಬಟಾಣಿಕಾಳಿನಷ್ಟು ಏಡಿ ಹೊರಗೆ ಬಂದಿತು. ಇಕ್ಕಳದಂಥ ಕೊಂಬುಗಳಿಂದ ಮರಳನ್ನು ಗೋರಿ ಬಾಯಿಗೆ ಹಾಕಿಕೊಳ್ಳುತ್ತದೆ, ಅದಕ್ಕಂಟಿದ ಆಹಾರದ ಕಣಗಳನ್ನು ಸೋಸಿ ತಿನ್ನುತ್ತದೆ, ಉಳಿದ ಮರಳನ್ನು ಉಂಡೆ ಕಟ್ಟಿ ಕಾಲಿನಡಿಯಿಂದ ಹಿಂದಕ್ಕೆ ಎಸೆಯುತ್ತದೆ. ಗೂಡಿನ ಬಾಯಿಂದ ಹೊರಕ್ಕೆ ಒಂದು ಗೆರೆ, ಮತ್ತೆ ವಾಪಸು, ಪಕ್ಕದಲ್ಲಿ ಇನ್ನೊಂದು ಗೆರೆ. ಅಷ್ಟರಲ್ಲಿ ಬೆಳ್ಳಕ್ಕಿಯೊಂದು ಇಳಿಯಿತು. ಏಡಿ ಖಾಲಿ ಗೆರೆಯಲ್ಲಿ ಓಡಿ ಗೂಡು ಸೇರಿತು, ಒಂದೇ ಒಂದು ಉಂಡೆಯನ್ನೂ ಎಡವಲಿಲ್ಲ. ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತು. ಚಿತ್ರ ಮಾತ್ರ ಸಿಗಲಿಲ್ಲ, ಬೆರಗಿನಲ್ಲಿ ಗುಂಡಿ ಒತ್ತುವುದನ್ನೇ ಮರೆತಿದ್ದೆ.

ಆ ಓಟದ ಚಿತ್ರಕ್ಕೆ ಆಮೇಲೆ ಎರಡು ಚಳಿಗಾಲ ಬೇಕಾದವು. ಆಗ ಕಲಿತದ್ದು ಪಂಚಾಂಗ ನೋಡುವುದನ್ನು. ಉಬ್ಬರ–ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನಮ್ಮ ಕಡೆ ದೊಡ್ಡ ಇಳಿತ ಬೀಳುವುದು ನಸುಕಿಗೆ, ಮತ್ತೆ ಸಂಜೆಗೆ. ಏಳೂವರೆಯ ಹೊತ್ತಿಗೆ ಎಳೆಬಿಸಿಲು ಅಡ್ಡಲಾಗಿ ಬಿದ್ದು ಒಂದೊಂದು ಉಂಡೆಗೂ ಉದ್ದನೆಯ ನೆರಳು. ಮಧ್ಯಾಹ್ನದೊಳಗೆ ನೀರು ಬಂದು ರಂಗೋಲಿಯೆಲ್ಲ ಅಳಿಸಿಹೋಗಿರುತ್ತದೆ. ಮೀನುಗಾರರಿಗೆ ಇದೆಲ್ಲ ಬಾಯಿಪಾಠ. ನಾನು ಮೇಷ್ಟ್ರಾದ್ದರಿಂದ ಕೋಷ್ಟಕ ಹಾಕಬೇಕಾಯಿತು.

ಈಗ ನಿಮ್ಮ ತೋಟಕ್ಕೆ ಬರೋಣ. ಗಣೇಶಗುಡಿಯಲ್ಲಿ ಹಕ್ಕಿಗಳು ಮೀಯಲು ಬರುವ ತೊಟ್ಟಿಯೆದುರು ನಾನೂ ಕೂತಿದ್ದೇನೆ. ಕೈ ಪಳಗಲು ಒಳ್ಳೆಯ ಜಾಗ, ಬೈಯುವುದಿಲ್ಲ. ಆದರೆ ಅಲ್ಲಿ ಇಡೀ ಸಾಲಿನ ಕ್ಯಾಮೆರಾಗಳಿಗೆ ಒಂದೇ ಚಿತ್ರ ಸಿಗುತ್ತದೆ, ನಿಮಗೆ ಬೇಸರ ಬಂದದ್ದು ಸಹಜ. ನಿಮ್ಮ ತೋಟದ ಬಸಿಗಾಲುವೆಯೆದುರು ಮಾತ್ರ ಇನ್ನೊಬ್ಬರು ಸಾಲಾಗಿ ಕೂತಿಲ್ಲ. ಮೊದಲ ಮಳೆಯ ರಾತ್ರಿ ಅಲ್ಲಿ ಎಷ್ಟು ಬಗೆಯ ಕಪ್ಪೆ ಕೂಗುತ್ತವೆ ಎಂದು ಹೇಳಬಲ್ಲಿರಾ? ಒಂದು ಕೂಗು ಯಾವ ಕಪ್ಪೆಯದೆಂದು ಹುಡುಕಿ. ಮುಂಗಾರಿಗೆ ಮುಂಚೆ ಮಿಂಚುಹುಳ ಬರುತ್ತವೆ. ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟು, ಟಾರ್ಚ್ ಆರಿಸಿ, ಮೂವತ್ತು ಸೆಕೆಂಡು ಕಿಂಡಿ (ಶಟರ್) ತೆರೆದಿಡಿ. ಅಡಿಕೆ ಮರಗಳ ನಡುವೆ ಬೆಳಕಿನ ಚುಕ್ಕಿಗಳ ದಾರಿ ಮೂಡುತ್ತದೆ. ಇದಕ್ಕೆ 600 ಎಂ.ಎಂ. ಬೇಕಿಲ್ಲ, ಕ್ಯಾಮೆರಾದ ಜೊತೆ ಬಂದ ಚಿಕ್ಕ ಲೆನ್ಸ್ ಸಾಕು.

ಕಪ್ಪೆಯ ಮಾತು ಬಂದದ್ದಕ್ಕೆ ಇನ್ನೊಂದು ಹೇಳುತ್ತೇನೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಪಕ್ಕದಲ್ಲೇ ಹೊನ್ನಾವರದ ಹೆದ್ದಾರಿ. ನಾವೆಲ್ಲ ಬಸ್ಸಿನಲ್ಲಿ ತೂಕಡಿಸುತ್ತ ದಾಟುವ ಕಾಡು. ಅಲ್ಲಿನ ತೊರೆಯ ಕಪ್ಪೆಯೊಂದಕ್ಕೆ 2014ರಲ್ಲಿ ವಿಜ್ಞಾನಿಗಳು 'ಕುಂಬಾರ' ಎಂದು ಹೆಸರಿಟ್ಟರು. ಹೆಣ್ಣು ಕಡ್ಡಿಯ ಮೇಲೋ ಕಲ್ಲಿನ ಮೇಲೋ ಮೊಟ್ಟೆ ಇಟ್ಟು ಹೋದ ಮೇಲೆ ಗಂಡು ತೊರೆಯ ಕೆಸರನ್ನು ಮುಂಗೈಯಲ್ಲಿ ಬಾಚಿ, ಹಿಂಗಾಲಿನ ಮೇಲೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಗೋಡೆಗೆ ಮಣ್ಣು ಹಚ್ಚುವಂತೆಯೇ. ಇದನ್ನು ಓದಿ ರಾತ್ರಿ ಟಾರ್ಚ್ ಹಿಡಿದು ಅಲ್ಲಿಗೆ ಹೊರಡಬೇಡಿ. ಅರಣ್ಯ ಇಲಾಖೆಯ ಅನುಮತಿ ಬೇಕು, ಉಂಬಳಗಳಿಗೆ ಅದೂ ಬೇಕಿಲ್ಲ. ನಿಮ್ಮೂರಿನ ತೊರೆಯನ್ನು ಮೊದಲು ನೋಡಿ ಮುಗಿಸಿ.

ಹುಲಿಯ ಚಿತ್ರಗಳನ್ನು ಬೆಳಗ್ಗೆ ನೋಡಬೇಡಿ. ರಾತ್ರಿ ಊಟವಾದ ಮೇಲೆ ನೋಡಿ, ನಿದ್ದೆ ಬರುತ್ತದೆ.

ಪ್ರಶ್ನೆ: ನಾನು ಕುಮಟಾದ ಕಾಲೇಜು ವಿದ್ಯಾರ್ಥಿನಿ. ನನ್ನ ಬಳಿ ಮೊಬೈಲ್ ಮಾತ್ರ ಇದೆ. ಇದರಲ್ಲಿ ತೆಗೆದದ್ದನ್ನು ನಿಸರ್ಗ ಛಾಯಾಗ್ರಹಣ ಎನ್ನಬಹುದೇ?

ಉತ್ತರ: ಧಾರಾಳವಾಗಿ. ದೂರದ ಹಕ್ಕಿಯ ಬೆನ್ನು ಹತ್ತಬೇಡಿ, ಅಷ್ಟೇ. ಅಘನಾಶಿನಿ ಅಳಿವೆ ನಿಮ್ಮ ಮಗ್ಗುಲಿನಲ್ಲೇ ಇದೆ. 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಳಿತದ ವೇಳೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಉಸಿರುಬೇರುಗಳು ಕೆಸರಿನಿಂದ ಮೊಳೆಗಳಂತೆ ಎದ್ದು ನಿಂತಿರುತ್ತವೆ. ಮೊಬೈಲನ್ನು ಅವುಗಳ ಎತ್ತರಕ್ಕೆ ಇಳಿಸಿ ನೋಡಿ. ನೀರಿನ ಮೇಲಿನ ಹೊಳಪು ಕಾಟ ಕೊಟ್ಟರೆ ಪೋಲರಾಯ್ಡ್ ತಂಪು ಕನ್ನಡಕದ ಗಾಜನ್ನು ಲೆನ್ಸಿನ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಹೊಳಪು ಆರಿ, ನೀರಿನ ತಳ ಕಾಣುತ್ತದೆ. ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರ ಚಿತ್ರ ಬೇಕೆನ್ನಿಸಿದರೆ ಮೊದಲು ಮಾತನಾಡಿಸಿ, ಕೇಳಿ, ಆಮೇಲೆ ತೆಗೆಯಿರಿ. ಅವರು ಬೇಡವೆಂದರೆ ಬೇಡ.

ಪ್ರಶ್ನೆ: ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಬರುತ್ತದೆ ಎನ್ನುತ್ತಾರೆ, ನಿಜವೇ? ಅಕ್ಕಿ ಡಬ್ಬಿಯಲ್ಲಿ ಇಟ್ಟರೆ ಸಾಕೇ? (ಹೊನ್ನಾವರದ ಓದುಗರು)

ಉತ್ತರ: ನಿಜ. ಅಕ್ಕಿ ಅನ್ನಕ್ಕೆ ಇರಲಿ, ಅದರ ಧೂಳೇ ಲೆನ್ಸಿಗೆ ಇನ್ನೊಂದು ತಾಪತ್ರಯ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಪುಟ್ಟ ಮಾಪಕ. ಮುಳ್ಳು 40ರಿಂದ 50ರ ನಡುವೆ ಇದ್ದರೆ ನಿಶ್ಚಿಂತೆ. ನೀಲಿ ಜೆಲ್ ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಆದರೆ ಅಡುಗೆಯ ಬಾಣಲೆಯಲ್ಲಿ ಬೇಡ, ಆ ನೀಲಿ ವಿಷ. ಚರ್ಮದ ಚೀಲವನ್ನಂತೂ ದೂರವಿಡಿ. ನಾನು ಲೆನ್ಸೊಂದನ್ನು ಅಂಥ ಚೀಲದಲ್ಲಿ ಹಾಕಿ, ಹೆಂಡತಿಯ ರೇಷ್ಮೆ ಸೀರೆಗಳ ನಡುವೆ ಎರಡು ಮಳೆಗಾಲ ಜೋಪಾನವಾಗಿ ಇಟ್ಟಿದ್ದೆ. ಹುಬ್ಬಳ್ಳಿಯ ರಿಪೇರಿಯವರು ಟಾರ್ಚ್ ಬಿಟ್ಟು ತೋರಿಸಿದರು: ಗಾಜಿನೊಳಗೆ ಅಚ್ಚುಕಟ್ಟಾದ ಜೇಡರ ಬಲೆ. ಬೂಷ್ಟು ಗಾಜಿನ ಮೇಲ್ಪದರವನ್ನೇ ತಿಂದಿತ್ತು. ಸೀರೆಗಳಿಗೆ ಏನೂ ಆಗಿರಲಿಲ್ಲ.

ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು ಬಳಸುವ ಲೆನ್ಸಿಗೆ ಈ ಕಾಟ ಕಡಿಮೆ. ಶಿರಸಿಯ ಗುಮಾಸ್ತರೇ, ಈ ಉತ್ತರವನ್ನು ನೀವೂ ಓದುತ್ತಿದ್ದರೆ ಸಂಚಿಕೆಯನ್ನು ಕೆಳಗಿಟ್ಟು, ಒಂದು ಟಾರ್ಚ್ ತೆಗೆದುಕೊಂಡು ಬೀರುವಿನ ಹತ್ತಿರ ಹೋಗಿ ಬನ್ನಿ.